ಸೀಟಿನಡಿಯ ಚಕ್ರ

ಕುಸುಮ ಬ್ರೇಕ್ ಹಿಡಿದಳು. ಅವಳ ಕೈಸೈಕಲ್ ನಿಂತರೂ, ಇಳಿಜಾರಿನ ವೇಗವನ್ನು ಕೂಡಿಟ್ಟುಕೊಂಡ ಸೀಟಿನಡಿಯ ಹೊಸ ಉಕ್ಕಿನ ಚಕ್ರ ಗಿರ್ರನೆ ತಿರುಗುತ್ತಲೇ ಇತ್ತು. ಲಿವರ್ ಎಳೆದರೆ ಸಾಕು, ಆ ಚಕ್ರವೇ ಗಾಡಿಯನ್ನು ಎದುರಿನ ಏರಿಗೆ ತಳ್ಳುತ್ತದೆ. ಪಕ್ಕದಲ್ಲಿ ಹಳೆಯ ಕೈಸೈಕಲ್ಲಿನಲ್ಲಿ ಕೂತಿದ್ದ ಪುಟ್ಟಮಾದಮ್ಮನಿಗೆ ಹೊಟ್ಟೆ ಉರಿಯಿತು. ಕಾಲು ಸ್ವಾಧೀನವಿಲ್ಲದ ಇಬ್ಬರೂ ಹತ್ತು ವರ್ಷದಿಂದ ಜೊತೆಯಲ್ಲೇ ಏದುಸಿರು ಬಿಡುತ್ತ ಯಳಂದೂರಿಗೆ ಹೂ ಮಾರಲು ಹೋಗುತ್ತಿದ್ದರು.

“ಓಗವ್ವ ಮಹಾರಾಣಿ. ನಮ್ಮಂತೋರ್ಗೆ ಯಾಕ್ ಕಾಯ್ತೀಯೆ?”

“ಆಮೇಲ್ ಬೈಯಕ್ಕ, ಚಕ್ರ ನಿಂತೋಯ್ತದೆ! ಬೇಗ ಕಟ್ಕೊ,” ಎಂದು ಕುಸುಮ ಹಗ್ಗ ಎಸೆದಳು. ಅದರ ಇನ್ನೊಂದು ತುದಿ ಅವಳ ಗಾಡಿಯ ಹಿಂದೆ ಹೊಸದಾಗಿ ವೆಲ್ಡಿಂಗ್ ಮಾಡಿಸಿದ್ದ ಕೊಕ್ಕೆಯಲ್ಲಿತ್ತು.

ಪುಟ್ಟಮಾದಮ್ಮ ಆ ಕೊಕ್ಕೆಯನ್ನೇ ನೋಡಿದಳು. ಒಬ್ಬಳೇ ಹೋಗುವವಳಿಗೆ ಅದು ಬೇಕಿರಲಿಲ್ಲ. ಹಗ್ಗ ಬಿಗಿದು, ತನ್ನ ಭಾರ ಕುಸುಮಳಿಗೆ ತಾಗದಿರಲೆಂದು ಎರಡೂ ಕೈಯಿಂದ ಪೆಡಲ್ ತಿರುಗಿಸತೊಡಗಿದಳು.