ಅಪ್ಪ ಮಸೆದ ಚಾಕು

ಹೊರಡಲು ಇನ್ನು ಎರಡೇ ಗಂಟೆ ಇತ್ತು. ಅಪ್ಪ ಮಸೆದುಕೊಟ್ಟ ಚಾಕುವನ್ನು ಮಗಳು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದಳು, ಒರೆಸಿ ಮತ್ತೆ ನೋಡಿದಳು. ಯಾವ ಕುಂದೂ ಕಾಣಲಿಲ್ಲ. ಆದರೂ ಕೂತಲ್ಲಿ ಕೂರಲಾಗಲಿಲ್ಲ.

ಓಬೋ ಎಂಬ, ಓಲಗದಂಥ ಪಾಶ್ಚಾತ್ಯ ವಾದ್ಯ ಊದುವವರಿಗೆ ತುಟಿಗಿಡುವ ರೀಡೇ ಪ್ರಾಣ. ಜೊಂಡುಕಡ್ಡಿಯ ಆ ಪುಟ್ಟ ಪಟ್ಟಿಯನ್ನು ಕಾಗದಕ್ಕಿಂತ ತೆಳ್ಳಗೆ ಹೆರೆಯಬೇಕು. ಚಾಕು ಚೂರು ಮೊಂಡಾದರೂ ಸ್ವರ ಕೆಟ್ಟೀತು. ವಾದ್ಯವೃಂದದಲ್ಲಿ ಅಪ್ಪ ಇಪ್ಪತ್ತಾರು ವರ್ಷ ಕೂತು ಈಗ ಬಿಡಲಿರುವ ಕುರ್ಚಿಗೆ ಇವತ್ತು ಆಯ್ಕೆ; ಅವಳೂ ಹೋಗಿ ಊದಬೇಕಿತ್ತು. ಬಂದವರಲ್ಲಿ ಯಾರೂ ಹಿಡಿಸದಿದ್ದರೆ ಇನ್ನೊಂದು ವರ್ಷ ಅವನೇ ಮುಂದುವರಿಯಬೇಕೆಂದು ವ್ಯವಸ್ಥಾಪಕರು ಹೇಳಿದ್ದರಂತೆ. ಅದನ್ನು ಮನೆಯಲ್ಲಿ ಹೇಳುವಾಗ ಅಪ್ಪನ ಮುಖ ಅರಳಿದ್ದನ್ನು ಅವಳು ಗಮನಿಸಿದ್ದಳು.

ಅವನು ಸ್ನಾನಕ್ಕೆ ಹೋದದ್ದೇ ತಡ, ಸಾಣೆಕಲ್ಲಿಗೆ ನೀರು ಹನಿಸಿ ತಾನೇ ಮಸೆಯತೊಡಗಿದಳು. ಗಾಬರಿಯ ಕೈ, ಅಲಗು ಒಮ್ಮೆ ನೆಟ್ಟಗೆ, ಒಮ್ಮೆ ವಾಲಿ ಜಾರಿತು. ರೀಡಿಗೆ ಹಚ್ಚಿದಾಗ ಚಾಕು ಹೆರೆಯಲಿಲ್ಲ, ಕಚ್ಚಿತು. ರೀಡಿನ ತುದಿ ಹರಿದು ಅವಳ ಬೆರಳಿಗೆ ಅಂಟಿಕೊಂಡಿತು.

ಒದ್ದೆ ತಲೆಯಲ್ಲೇ ಬಂದ ಅಪ್ಪ ಚಾಕು ನೋಡಿದ, ಕಲ್ಲು ನೋಡಿದ. ಅವಳು ಏನೋ ನೆಪ ಹೇಳಹೊರಟಳು. ಅವನು ಕೈಸನ್ನೆಯಲ್ಲೇ ಸುಮ್ಮನಿರಿಸಿ ಮಸೆಯಲು ಕೂತ. ಅವಳು ಗಡಿಯಾರವನ್ನೊಮ್ಮೆ, ಅವನ ಕೈಯನ್ನೊಮ್ಮೆ ನೋಡುತ್ತ ಬಾಗಿಲಿಗೂ ಕಿಟಕಿಗೂ ಓಡಾಡಿದಳು. ಡಬ್ಬಿಯಲ್ಲಿ ಅರ್ಧ ಹೆರೆದಿಟ್ಟ ರೀಡು ಒಂದೇ ಒಂದಿತ್ತು.

"ತಗೋ. ಅವಸರ ಮಾಡ್ಬೇಡ," ಎಂದ ಅಪ್ಪ.

ಅವಳೇ ಆಯ್ಕೆಯಾದಳು. ಐದು ಜನರಲ್ಲಿ ಅವಳ ಹೆಸರು ಕರೆದಾಗ, ಹಿಂದಿನ ಸಾಲಿನಲ್ಲಿದ್ದ ಅಪ್ಪ ಎಲ್ಲರಿಗಿಂತ ತಡವಾಗಿ ಚಪ್ಪಾಳೆ ತಟ್ಟಿದ.

ಮನೆಗೆ ನಡೆಯುತ್ತ ರಸ್ತೆ ದಾಟಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ಅಪ್ಪಾ, ನೀನು ಬೇಕಂತಲೇ ಸರಿಯಾಗಿ ಮಸೆದಿಲ್ಲ ಅಂದ್ಕೊಂಡೆ. ಅದಕ್ಕೇ ಮತ್ತೆ ಮಸೆದೆ. ತಪ್ಪಾಯ್ತು."

ಅಪ್ಪ ನಾಲ್ಕು ಹೆಜ್ಜೆ ಮುಂದೆ ಹೋಗಿ ನಿಂತ. ತಿರುಗಿ ನೋಡಲಿಲ್ಲ.

"ಬೆಳಿಗ್ಗೆ ಮೊದಲು ಮೊಂಡಾಗೇ ಬಿಟ್ಟು ಎದ್ದಿದ್ದೆ ಕಣಮ್ಮ," ಎಂದ. "ಬಾಗಿಲ ತನಕ ಹೋಗಿ, ಮತ್ತೆ ಬಂದು ಮಸೆಯೋಕೆ ಕೂತೆ."