ಜಾಕೆಟ್ಟಿನ ಅಳತೆ

"ಎಲ್ಲಿ, ಹಾಕ್ಕೊಂಡು ತೋರಿಸಪ್ಪಾ," ಎಂದರು ನ್ಯಾಯಾಧೀಶರು. ಮಾದಕ ಪುಡಿಯ ಪೊಟ್ಟಣ ಸಿಕ್ಕಿದ್ದ ಜಾಕೆಟ್ಟನ್ನು ಕಟಕಟೆಯಲ್ಲಿದ್ದ ಯುವಕ ತೊಟ್ಟ. ಹೆಗಲು ಜಾರಿತು. ಒಳಗೆ ಇನ್ನೊಬ್ಬ ಹಿಡಿಸುವಷ್ಟು ಜಾಗವಿತ್ತು.

"ನೋಡಿ ಸ್ವಾಮಿ, ಇದು ನನ್ನ ಕಕ್ಷಿದಾರನದ್ದೇ ಅಲ್ಲ. ಕಣ್ಣಿಗೇ ಕಾಣ್ತಿದೆಯಲ್ಲ!" ವಕೀಲೆಯ ದನಿ ಏರಿತು. ಸರ್ಕಾರಿ ವಕೀಲರು ಫೈಲು ಮಗುಚಿದರು. ನ್ಯಾಯಾಧೀಶರು ತಲೆದೂಗಿ ಏನನ್ನೋ ಬರೆದುಕೊಂಡರು.

ಕೇಸು ಗೆದ್ದಂತೆಯೇ ಎಂದುಕೊಂಡು ಅವಳು ಹಿಂದಿನ ಬೆಂಚಿನತ್ತ ಬಂದಳು. ಅಲ್ಲಿ ಯುವಕನ ತಂದೆ, ಊರಿಗೆಲ್ಲ ಬಟ್ಟೆ ಹೊಲಿಯುವ ದರ್ಜಿ, ಕಣ್ಣಲ್ಲೇ ಮಗನ ಅಳತೆ ತೆಗೆಯುತ್ತಿದ್ದರು.

"ನಾನೇ ಹೊಲಿದದ್ದು ಮೇಡಂ," ಎಂದು ಪಿಸುಗುಟ್ಟಿದರು. "ಈ ಚಟ ಹತ್ತೋಕೆ ಮುಂಚೆ, ಎದೆ ಹತ್ರ ಬಿಗಿ ಆಗುತ್ತಪ್ಪಾ ಅಂತಿದ್ದ. ಹೊಲಿಗೆ ಬಿಚ್ಚಿ ಒಂದಿಂಚು ಸಡಿಲ ಮಾಡಿಕೊಟ್ಟಿದ್ದೆ."