ನಮ್ಮಜ್ಜಿ

ಈಜುಕೊಳದ ಬಾಗಿಲಲ್ಲಿ ತನ್ನ ಕ್ಲಾಸಿನ ಮೂವರು ಹುಡುಗಿಯರು ಕಾಣಿಸಿಕೊಂಡದ್ದೇ ತಡ, ಪುಟ್ಟಿ ಕಂಬದ ಮರೆಗೆ ಸರಿದಳು. ಅವಳನ್ನು ಪೂರ್ತಿ ಮರೆಮಾಡುವಷ್ಟು ದಪ್ಪ ಕಂಬವಲ್ಲ ಅದು. ಶಾಲೆಯಲ್ಲಿ ಅವಳಿಗೆ ‘ಪೀಪಾಯಿ’ ಎಂದು ಹೆಸರಿಟ್ಟವರು ಇವರೇ. ಆ ಹೆಸರು ಎಷ್ಟು ಅಂಟಿಕೊಂಡಿತ್ತೆಂದರೆ, ಈಚೆಗೆ ಯಾರಾದರೂ ಸರಿಯಾದ ಹೆಸರು ಹಿಡಿದು ಕೂಗಿದರೆ ಅವಳು ಒಂದು ಗಳಿಗೆ ತಡವಾಗಿ ತಿರುಗುತ್ತಿದ್ದಳು.

ನೀರಿನಲ್ಲಿ ಅಜ್ಜಿ ಇದ್ದಳು. ಮಂಡಿಯ ಆಪರೇಷನ್ ಆದಮೇಲೆ ನೀರಲ್ಲಿ ನಡೆಯಿರಿ ಎಂದು ಡಾಕ್ಟರು ಹೇಳಿದ್ದರು. ನಡೆಯಲೆಂದು ಇಳಿದವಳು ತೇಲುವುದನ್ನೂ ಕಲಿತು, ಈಗ ಪ್ರತಿ ಶನಿವಾರ ಮಧ್ಯಾಹ್ನ ಅಂಗಾತ ಮಲಗಿಬಿಡುತ್ತಿದ್ದಳು. ಅಜ್ಜಿ ದೊಡ್ಡ ಆಳು. ಪುಟ್ಟಿಯ ಮೈಕಟ್ಟು ಅಲ್ಲಿಂದಲೇ ಬಂದದ್ದು ಎಂದು ಮನೆಯವರೆಲ್ಲ ಹೇಳುತ್ತಿದ್ದರು. ಎತ್ತರದ ಕಿಟಕಿಗಳಿಂದ ಬಿದ್ದ ಬಿಸಿಲು ನೀರಿಗೆ ತಾಗಿ ಚಾವಣಿಯ ಮೇಲೆ ಅಲೆಅಲೆಯಾಗಿ ಆಡುತ್ತಿತ್ತು. ಅದರ ಕೆಳಗೆ ಅಜ್ಜಿ, ನಿದ್ದೆಯಲ್ಲಿ ಎಲ್ಲಿಗೋ ಹೊರಟವಳ ಹಾಗೆ, ಕಣ್ಣು ಅರೆಮುಚ್ಚಿ ಮೆಲ್ಲಗೆ ಸಾಗುತ್ತಿದ್ದಳು. ಪುಟ್ಟಿಗೂ ಒಂದು ಈಜುಡುಗೆ ಕೊಡಿಸಿದ್ದಳು. ಪುಟ್ಟಿ ಅದನ್ನು ಫ್ರಾಕಿನ ಒಳಗೆ ತೊಟ್ಟು ಬರುವಳು, ದಡದಲ್ಲಿ ಕೂತಿದ್ದು ಹಾಗೇ ವಾಪಸಾಗುವಳು. ಯಾಕೆಂದು ಅಜ್ಜಿ ಒಂದು ದಿನವೂ ಕೇಳಿರಲಿಲ್ಲ.

ಅಜ್ಜಿ ಸುಧಾರಿಸಿಕೊಳ್ಳಲು ಎದ್ದು ನಿಂತದ್ದೂ, ಹುಡುಗಿಯರು ಅವಳನ್ನು ನೋಡಿ ಒಬ್ಬರನ್ನೊಬ್ಬರು ತಿವಿದುಕೊಂಡದ್ದೂ ಒಟ್ಟಿಗೇ ಆಯಿತು. ಹೀಗಾದರೆ ನಮಗೆ ನೀರೇ ಉಳಿಯಲ್ಲ, ಎಲ್ಲಾ ಆಚೆ ಚೆಲ್ಲಿಹೋಗುತ್ತೆ ಅಂದಳು ಅವರಲ್ಲಿ ಉದ್ದ ಜಡೆಯವಳು. ಮೂವರೂ ಕಿಸಕ್ಕನೆ ನಕ್ಕರು. ಅಲ್ಲಿ ಪಿಸುಮಾತು ಕೂಡ ಗೋಡೆಗೆ ಬಡಿದು ದೊಡ್ಡದಾಗುತ್ತಿತ್ತು. ಅಷ್ಟರಲ್ಲಿ ಜಡೆಯವಳ ಕಣ್ಣು ಕಂಬದ ಕಡೆ ಹೊರಳಿತು.

"ಏ ಪೀಪಾಯಿ, ನೀನೂ ಇಲ್ಲೇ ಇದೀಯಾ? ಅವರು ನಿನಗೇನಾಗಬೇಕು?"

ಗೊತ್ತಿಲ್ಲ ಅಂದುಬಿಟ್ಟರೆ ಮುಗಿಯಿತು. ಪುಟ್ಟಿ ನೀರಿನ ಕಡೆ ನೋಡಿದಳು. ತಲೆಯ ರಬ್ಬರ್ ಟೋಪಿ ಸರಿಮಾಡಿಕೊಳ್ಳುವ ನೆಪದಲ್ಲಿ ಅಜ್ಜಿ ಬೆನ್ನು ತಿರುಗಿಸಿಬಿಟ್ಟಿದ್ದಳು. ಟೋಪಿ ಸರಿಯಾಗೇ ಇತ್ತು. ಮೊಮ್ಮಗಳು ಏನು ಹೇಳಿದರೂ ತನಗೆ ಕೇಳಿಸಿಲ್ಲವೆಂಬಂತೆ ಇರಲು ಅವಳು ಹಾಗೆ ತಿರುಗಿದ್ದಾಳೆಂದು ಪುಟ್ಟಿಗೆ ಅರ್ಥವಾಯಿತು. ಆ ಅಗಲ ಬೆನ್ನಿಗೆ ಜೋತುಬಿದ್ದು ತಾನು ಅದೆಷ್ಟು ಸಲ ನಿದ್ದೆಹೋಗಿದ್ದೆ ಎನ್ನುವುದೂ ನೆನಪಾಯಿತು.

"ನಮ್ಮಜ್ಜಿ," ಅಂದಳು. ಅಷ್ಟು ಸಾಲದೆನಿಸಿತೋ ಏನೋ, "ನಾನೂ ಅಜ್ಜಿ ಥರಾನೇ," ಎಂದೂ ಸೇರಿಸಿದಳು.

ಫ್ರಾಕನ್ನು ತಲೆಯ ಮೇಲಿಂದ ಎಳೆದು ತೆಗೆದಳು. ಯಾರೋ ನಕ್ಕರು, ಯಾರೆಂದು ನೋಡಲು ಹೋಗಲಿಲ್ಲ. ಕಂಬಿ ಹಿಡಿದು ಒಂದೊಂದೇ ಮೆಟ್ಟಿಲಿಳಿದಳು. ಅಜ್ಜಿ ಏನೂ ಆಗಿಲ್ಲವೆಂಬಂತೆ ಇತ್ತ ತಿರುಗಿ ಅಂಗೈ ಚಾಚಿ, ಅವಳನ್ನು ಅದರ ಮೇಲೆ ಮಲಗಿಸಿಕೊಂಡಳು. ಅಜ್ಜಿಯ ಕಣ್ಣು ಕೆಂಪಾಗಿತ್ತು. ನೀರಿನದ್ದಿರಬಹುದು.

"ಮೈಯನ್ನ ಬಿಗಿ ಹಿಡೀಬೇಡ ಪುಟ್ಟಿ. ಅದಕ್ಕೆ ತೇಲೋದು ಗೊತ್ತು. ನೀನು ಬಿಟ್ಟುಕೊಡು, ಸಾಕು."

ಪುಟ್ಟಿ ಬಿಟ್ಟುಕೊಟ್ಟಳು. ಕಿವಿ ನೀರಲ್ಲಿ ಮುಳುಗಿದ್ದೇ ಲೋಕದ ಸದ್ದೆಲ್ಲ ದೂರ ಹೋಗಿ, ಅವಳ ಉಸಿರೊಂದೇ ಉಳಿಯಿತು. ಮೇಲೆ ಬೆಳಕು ಬಲೆ ಹೆಣೆಯುತ್ತಿತ್ತು, ಬಿಚ್ಚುತ್ತಿತ್ತು. ಅಜ್ಜಿಯ ಅಂಗೈ ಯಾವಾಗ ಸರಿಯಿತೋ ತಿಳಿಯಲಿಲ್ಲ. ಇಷ್ಟು ದಿನ ಬಟ್ಟೆಯೊಳಗೆ ಅಡಗಿಸಿಟ್ಟಿದ್ದ ಹೊಟ್ಟೆ, ತೋಳು, ತೊಡೆ ಒಂದೂ ತಕರಾರಿಲ್ಲದೆ ಅವಳನ್ನು ಹೊತ್ತುಕೊಂಡಿದ್ದವು. ಪಾಪ, ಇವುಗಳನ್ನು ಎಷ್ಟು ಬೈದಿದ್ದೆ ಅನ್ನಿಸಿತು. ದಡದ ಮೇಲೆ ಬಾಯಿಗಳು ಅಲ್ಲಾಡುತ್ತಿದ್ದವು. ಏನನ್ನುತ್ತಿದ್ದವೋ, ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಎದ್ದು ನಿಂತಾಗ, ಜಡೆಯವಳು ಮೊದಲ ಮೆಟ್ಟಿಲಲ್ಲೇ ಕಂಬಿ ಹಿಡಿದು ನಿಂತಿದ್ದಳು. ನಗು ಇರಲಿಲ್ಲ. ಭಯ ಆಗಲ್ವೇನೇ ಎಂದು ಮೆಲ್ಲಗೆ ಕೇಳಿದಳು. ಆಗುತ್ತೆ ಅಂದಳು ಪುಟ್ಟಿ. ಮುಖದ ಮೇಲಿನ ನೀರನ್ನು ಎರಡೂ ಕೈಯಿಂದ ಒರೆಸಿಕೊಂಡು ಆಚೆ ತಿರುಗಿದಳು.

"ಅಜ್ಜಿ, ಆಳ ಇರೋದು ಯಾವ ಕಡೆ?"